ಇಳಿದ ಶೆಲ್ಲು, ಏರಿದ ಸ್ವರ: ಬಾಗಲಕೋಟೆಯ ಒಂದು ಮನೆಯ ಭಜನಾ ಕ್ಯಾಸೆಟ್‌ಗಳ ಪ್ರಕರಣ

ಮನೆ ಇರುವುದು ಬಾಗಲಕೋಟೆಯ ನವನಗರದಲ್ಲಿ. ಮನೆಯ ಹಿರಿಯರು ಭಜನಾ ಮೇಳ ಕಟ್ಟಿಕೊಂಡು ಬಾಳಿನುದ್ದಕ್ಕೂ ತತ್ವಪದ ಹಾಡಿದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವರ ಹಾರ್ಮೋನಿಯಂ ಮತ್ತು ಕಬ್ಬಿಣದ ಟ್ರಂಕಿನಲ್ಲಿದ್ದ 34 ಕ್ಯಾಸೆಟ್. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ಮನೆ ಬಿಟ್ಟಾಗ ಟ್ರಂಕು ನವನಗರಕ್ಕೆ ಬಂತು. ಬಂದದ್ದು ನೇರ ಅಟ್ಟ ಸೇರಿತು. ಮೇಲೆ ಆರ್‌ಸಿಸಿ ಚಾವಣಿ, ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಅಂದರೆ ಅಟ್ಟದಲ್ಲಿ ಅದಕ್ಕೂ ಹೆಚ್ಚು. ಕ್ಯಾಸೆಟ್ ಇಡಲು ಇದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಅವುಗಳಲ್ಲಿದ್ದ ಹಾಡನ್ನು ಮನೆಯವರು ಕಂಪ್ಯೂಟರಿಗೆ ಇಳಿಸಿಕೊಂಡ ಬಗೆ ಇಲ್ಲಿದೆ.

34ರಲ್ಲಿ 8 ಅಂಗಡಿಯಲ್ಲಿ ಕೊಂಡವು. ಅವುಗಳಲ್ಲಿದ್ದ ಹಾಡು ಬೇರೆ ಕಡೆ ಸಿಗುವುದರಿಂದ ಅವನ್ನು ಬದಿಗಿಟ್ಟದ್ದು ಸರಿಯಾದ ತೀರ್ಮಾನ. ಅವು ಮುಂದೆ ಡೆಕ್ಕನ್ನು (ಕ್ಯಾಸೆಟ್ ಓಡಿಸುವ ಯಂತ್ರವನ್ನು) ಪರೀಕ್ಷಿಸಲು ಮಾತ್ರ ಕೆಲಸಕ್ಕೆ ಬಂದವು. ಉಳಿದ 26 ಮನೆಯಲ್ಲಿ, ಗುಡಿಯಲ್ಲಿ, ಶ್ರಾವಣದ ರಾತ್ರಿ ಭಜನೆಗಳಲ್ಲಿ ರೆಕಾರ್ಡ್ ಮಾಡಿದವು. ಎರಡರಲ್ಲಿ ಊರ ಜಾತ್ರೆಯಲ್ಲಿ ಆಡಿದ ಶ್ರೀಕೃಷ್ಣ ಪಾರಿಜಾತದ ಭಾಗಗಳಿದ್ದವು. ಇವಕ್ಕೆ ಇನ್ನೊಂದು ಪ್ರತಿ ಲೋಕದಲ್ಲೆಲ್ಲೂ ಇಲ್ಲ.

ಮೊದಲು ಮಾಡಿ ನೋಡಿದ್ದು

ಮನೆಯವರು ಮೊದಲು ಹಳೆ ಟು-ಇನ್-ಒನ್‌ನಲ್ಲಿ ಕ್ಯಾಸೆಟ್ ಹಾಕಿ, ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿದರು. ಫ್ಯಾನಿನ ಸದ್ದು, ಬೀದಿಯ ಹಾರ್ನು ಎಲ್ಲ ಸೇರಿಕೊಂಡಿತು. ಅದಕ್ಕಿಂತ ದೊಡ್ಡ ತೊಂದರೆ ಮೊಬೈಲಿನದೇ. ಮಾತಿಗೆಂದು ಮಾಡಿದ ಅದರ ರೆಕಾರ್ಡರ್ ಸದ್ದು ಸಣ್ಣದಾದಾಗ ತಾನೇ ಏರಿಸುತ್ತದೆ, ದೊಡ್ಡದಾದಾಗ ಇಳಿಸುತ್ತದೆ. ಹಾಡಿನ ಏರಿಳಿತವೆಲ್ಲ ಸಪಾಟಾಯಿತು.

ಆಮೇಲೆ ಆನ್‌ಲೈನ್‌ನಲ್ಲಿ ವಾಕ್‌ಮನ್ ಆಕಾರದ ಒಂದು ಯುಎಸ್‌ಬಿ ಕನ್ವರ್ಟರ್ ತರಿಸಿದರು. ಇಂಥವುಗಳಲ್ಲಿ ಇರುವುದು ಹಗುರ ಫ್ಲೈವೀಲ್ (ವೇಗ ಸಮ ಇಡುವ ಗಾಲಿ) ಮತ್ತು ಅಗ್ಗದ ಮೋಟಾರು, ಆದ್ದರಿಂದ ಟೇಪು ಒಂದೇ ವೇಗದಲ್ಲಿ ಓಡುವುದಿಲ್ಲ. ಮಾತಿನಲ್ಲಿ ಇದು ಗೊತ್ತಾಗದು. ಹಾರ್ಮೋನಿಯಂನ ನಿಂತ ಸ್ವರ ಬಂದ ಕೂಡಲೇ ನಡುಗು ಕೇಳುತ್ತದೆ. ಈ ನಡುಗನ್ನು ಆಮೇಲೆ ಮನೆಯಲ್ಲಿ ಕೂತು ತೆಗೆಯುವುದು ಆಗದ ಮಾತು. ಸಾಫ್ಟ್‌ವೇರ್ ಎಷ್ಟೇ ಒಳ್ಳೆಯದಿರಲಿ, ಟೇಪು ಅದರ ಸದ್ದು ಓದುವ ಹೆಡ್ಡಿಗೆ ತಾಗುವ ಜಾಗದಲ್ಲಿ ಕಳೆದುಹೋದದ್ದನ್ನು ಅದು ಹುಡುಕಿ ಕೊಡುವುದಿಲ್ಲ. ಈ ಪ್ರಕರಣದಲ್ಲಿ ಫಲ ಕೊಟ್ಟ ಶ್ರಮದ ಬಹುಪಾಲು ಕಂಪ್ಯೂಟರ್ ಚಾಲೂ ಮಾಡುವ ಮೊದಲೇ ಮುಗಿದಿತ್ತು.

ಡೆಕ್ಕು

ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ಸ್ಟೀರಿಯೋ ಕ್ಯಾಸೆಟ್ ಡೆಕ್ ಸಿಕ್ಕಿತು. ಒಂದೇ ದಿಕ್ಕಿನಲ್ಲಿ ಓಡುವಂಥದ್ದು, ಹಿಂದೆ ಸದ್ದನ್ನು ಹೊರಗೆ ಕೊಡುವ ಲೈನ್-ಔಟ್ ಆರ್‌ಸಿಎ ಸಾಕೆಟ್ ಎರಡು. ಆಯ್ಕೆ ಇದ್ದರೆ ಟೇಪನ್ನು ಎರಡೂ ದಿಕ್ಕಿಗೆ ಓಡಿಸುವ ಆಟೋ-ರಿವರ್ಸ್ ಡೆಕ್ ಬೇಡ. ಅಂಥ ಹಲವುಗಳಲ್ಲಿ ಹೆಡ್ ತಿರುಗುತ್ತದೆ, ತಿರುಗಿದಾಗಲೆಲ್ಲ ಕೋನ ಕೂದಲೆಳೆಯಷ್ಟು ಬದಲಾಗುತ್ತದೆ.

ಡೆಕ್ಕಿನ ಬೆಲ್ಟು ಕರಗಿ ಡಾಂಬರಿನಂತೆ ಪುಲ್ಲಿಗೆ ಮೆತ್ತಿತ್ತು. ಹಳೆ ರಬ್ಬರಿಗೆ ಇದು ಸಾಮಾನ್ಯ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಂದು ಕಣವೂ ಉಳಿಯದಂತೆ ಒರೆಸಬೇಕು; ಒಂದು ಚೂರು ಉಳಿದರೂ ಹೊಸ ಬೆಲ್ಟು ಪ್ರತಿ ಸುತ್ತಿಗೆ ಒಮ್ಮೆ ಎಗರುತ್ತದೆ. ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ, ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಹೊಸ ಬೆಲ್ಟಿನ ಅಳತೆಗೆ ಹಳೆಯದನ್ನು ನಂಬಬಾರದು, ಅದು ಹಿಗ್ಗಿರುತ್ತದೆ. ಪುಲ್ಲಿ ಮತ್ತು ಫ್ಲೈವೀಲ್ ಸುತ್ತ ದಾರ ಹಾಕಿ ಅಳೆದು, ಬಂದ ಉದ್ದದಲ್ಲಿ ಶೇಕಡಾ 5ರಿಂದ 8 ಕಳೆದ ಸುತ್ತಳತೆಯ ಬೆಲ್ಟು ತರಬೇಕು. ತೀರಾ ಬಿಗಿಯಾದರೆ ಮೋಟಾರಿನ ಬೇರಿಂಗ್ ಸವೆಯುತ್ತದೆ, ಸಡಿಲಾದರೆ ಟೇಪು ತೂಗಾಡುತ್ತದೆ.

ಹೆಡ್, ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ, ಟೇಪ್ ಗೈಡ್‌ಗಳನ್ನು ಶೇಕಡಾ 99ರ ಐಸೋಪ್ರೊಪೈಲ್‌ನಿಂದ ಒರೆಸಿದ್ದಾಯಿತು. ಮೆಡಿಕಲ್ ಅಂಗಡಿಯ ಸ್ಪಿರಿಟ್‌ನಲ್ಲಿ ನೀರು ಬೆರೆತಿರುತ್ತದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕೇಳಿ ತರುವುದು ಲೇಸು. ಟೇಪನ್ನು ಆ ಕಡ್ಡಿಗೆ ಒತ್ತುವ ರಬ್ಬರಿನ ಪಿಂಚ್ ರೋಲರ್‌ಗೆ ಮಾತ್ರ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಕಿವಿಕಡ್ಡಿಗೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸುವುದು ಲೆಕ್ಕ.

ವೇಗ ನೋಡಲು ಅಂಗಡಿ ಕ್ಯಾಸೆಟ್‌ಗಳು ಬಂದವು. ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸಿಡಿಯಲ್ಲಿ 312 ಸೆಕೆಂಡ್ ಇದ್ದ ಹಾಡು ಡೆಕ್ಕಿನಲ್ಲಿ 309 ಸೆಕೆಂಡಿಗೆ ಮುಗಿಯಿತು, ಅಂದರೆ ಶೇಕಡಾ 1ರಷ್ಟು ಜೋರು. ಬೇರೆ ಬೇರೆ ಕಂಪನಿಯ ಮೂರು ಕ್ಯಾಸೆಟ್‌ಗಳಲ್ಲಿ ಹೀಗೇ ಬಂದದ್ದರಿಂದ ತಪ್ಪು ಡೆಕ್ಕಿನದು ಎಂದು ಹಿಡಿದು, ಮೋಟಾರಿನ ಬೆನ್ನಿನ ಸಣ್ಣ ತೂತಿನೊಳಗಿರುವ ಸ್ಕ್ರೂವನ್ನು ತುಸುವೇ ತಿರುಗಿಸಿ ಸರಿಪಡಿಸಲಾಯಿತು. ಒಂದೇ ಕ್ಯಾಸೆಟ್ ನಂಬಿ ಈ ಸ್ಕ್ರೂ ಮುಟ್ಟಬಾರದು, ಕಾರ್ಖಾನೆಯ ಪ್ರತಿಗಳೂ ಅರ್ಧ-ಒಂದು ಶೇಕಡಾ ಆಚೀಚೆ ಇರುತ್ತವೆ.

ಕ್ಯಾಸೆಟ್‌ಗಳ ಆರೈಕೆ

ಎಲ್ಲಕ್ಕಿಂತ ಮೊದಲ ಕೆಲಸ ಅರ್ಧ ನಿಮಿಷದ್ದು: ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಗಳಲ್ಲಿರುವ ಪ್ಲಾಸ್ಟಿಕ್ ಚೂರು ಮುರಿಯುವುದು. ಆಮೇಲೆ ಯಾರು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೆಳಗಿಳಿಯುವುದಿಲ್ಲ. ಆಮೇಲೆ ಪ್ರತಿ ಕ್ಯಾಸೆಟ್ಟಿಗೆ ಸಂಖ್ಯೆ ಅಂಟಿಸಿ, ಒಳಕಾರ್ಡಿನ ಎರಡೂ ಮುಖದ ಫೋಟೋ ತೆಗೆದುಕೊಂಡರು. ಪೆನ್ನಿನ ಶಾಯಿ ಮಾಸಿದ ಕಾರ್ಡುಗಳನ್ನು ಓದಲು ಬರುವವರು ಮನೆಯ ಹಿರಿಯ ಹೆಣ್ಣುಮಗಳೊಬ್ಬರೇ ಇದ್ದರು. ಆ ಕೆಲಸ ಮುಂದೂಡುವಂಥದ್ದಲ್ಲ.

26ರಲ್ಲಿ 17 ಹಾಗೇ ಹಾಕಬಹುದಾದ ಸ್ಥಿತಿಯಲ್ಲಿದ್ದವು. ಮೂರರಲ್ಲಿ ಹೆಡ್ಡಿಗೆ ಟೇಪನ್ನು ಒತ್ತುವ ಉಣ್ಣೆಯ ಪ್ಯಾಡ್ ಬಿದ್ದಿತ್ತು. ಅಟ್ಟದ ಬಿಸಿಗೆ ಗೋಂದು ಒಣಗಿ ಪುಡಿಯಾಗಿ ಪ್ಯಾಡ್ ಒಳಗೆಲ್ಲೋ ಅಡಗಿತ್ತು. ಪ್ಯಾಡ್ ಇಲ್ಲದೆ ಹಾಕಿದರೆ ಸದ್ದು ಬರುತ್ತದೆ, ಆದರೆ ಕಂಬಳಿ ಹೊದ್ದು ಹಾಡಿದಂತೆ, ಅಲೆಯಲೆಯಾಗಿ. ಹೊಸ ಪ್ಯಾಡ್ ಅಂಟಿಸುವ ಸರ್ಕಸ್ಸಿಗಿಂತ ಸುಲಭದ ದಾರಿ, ಐದು ಸ್ಕ್ರೂ ಇರುವ ಬೇಡದ ಕ್ಯಾಸೆಟ್ಟೊಂದನ್ನು ಬಿಚ್ಚಿ ಅದರ ಚಿಪ್ಪಿಗೆ ನಮ್ಮ ಟೇಪಿನ ಎರಡು ಸುರುಳಿಗಳನ್ನು ವರ್ಗಾಯಿಸುವುದು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕ್ಯಾಸೆಟ್ ಮಲಗಿಸಿ, ಸ್ಕ್ರೂ ಬಿಚ್ಚಿ, ಮೇಲಿನ ಅರ್ಧವನ್ನು ನೇರಕ್ಕೆ ಎತ್ತಬೇಕು. ಎರಡು ಮೂಲೆಯ ಸಣ್ಣ ಗಾಲಿಗಳು, ಅವುಗಳ ಸೂಜಿ, ಸುರುಳಿಯ ಮೇಲೂ ಕೆಳಗೂ ಇರುವ ಜಾರುಹಾಳೆ ಇವು ಯಾವುವೂ ಬಿಟ್ಟುಹೋಗಬಾರದು. ಜಾರುಹಾಳೆ ಇಲ್ಲದಿದ್ದರೆ ಟೇಪು ಕಿರುಗುಟ್ಟುತ್ತದೆ, ಕೊನೆಗೆ ನಿಂತೇ ಬಿಡುತ್ತದೆ. ಮೂರರಲ್ಲಿ ಒಂದು ಸ್ಕ್ರೂ ಇಲ್ಲದೆ ಬೆಸೆದ ಚಿಪ್ಪು. ಅದನ್ನು ಹೆಡ್ಡಿನ ಬಾಯಿಯ ಕಡೆಯಿಂದ ಅಲ್ಲ, ಬೆನ್ನಿನ ಕಡೆಯ ಗೆರೆಯ ಮೇಲೆ ತೆಳು ಬ್ಲೇಡು ಆಡಿಸಿ ಬಿಡಿಸಬೇಕು.

ಎರಡರಲ್ಲಿ ಲೀಡರ್ (ಟೇಪಿನ ತುದಿಯ ಖಾಲಿ ಪಟ್ಟಿ) ಹತ್ತಿರ ಟೇಪು ಹರಿದಿತ್ತು. ಹರಿದ ತುದಿಗಳನ್ನು ಒಂದರ ಮೇಲೊಂದಿಟ್ಟು 45 ಡಿಗ್ರಿ ಓರೆಗೆ ಒಟ್ಟಿಗೆ ಕತ್ತರಿಸಿ, ಕೂಡಿಸಿ, ಟೇಪಿನ ಒಳಬದಿಗೆ ಸುಮಾರು 15 ಮಿಲಿಮೀಟರ್ ಸ್ಪ್ಲೈಸಿಂಗ್ ಟೇಪ್ ಹಚ್ಚಬೇಕು. ಹೊರಮುಖ ಹೆಡ್ಡಿಗೆ ತಾಗುವ ಮುಖ, ಅಲ್ಲಿ ಏನೂ ಅಂಟಿರಬಾರದು. ಟೇಪಿನ ಅಗಲ 3.81 ಮಿಲಿಮೀಟರ್, ಅಂಟುಪಟ್ಟಿ ಅದಕ್ಕಿಂತ ಒಂದು ಎಳೆಯೂ ಹೊರಗೆ ಚಾಚಬಾರದು. ಮನೆಯಲ್ಲಿರುವ ಸೆಲೋಟೇಪ್ ಬೇಡವೇ ಬೇಡ. ಅದರ ಗೋಂದು ಬಿಸಿಗೆ ಇಳಿದು ಪಕ್ಕದ ಸುತ್ತುಗಳನ್ನೂ ಹಿಡಿದುಕೊಳ್ಳುತ್ತದೆ.

ಇನ್ನು ನಾಲ್ಕು ಕ್ಯಾಸೆಟ್ ಖಾನಾಪುರ ತಾಲೂಕಿನ ನೆಂಟರ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಬಂದವು. ಅಲ್ಲಿಯ ಮಳೆ ಅವುಗಳಲ್ಲಿ ಕಾಣುತ್ತಿತ್ತು: ಸುರುಳಿಯ ಅಂಚಿನ ಮೇಲೆ ಬಿಳಿ ಬೂಷ್ಟು. ಬಾಗಲಕೋಟೆಯ ಎರೆಮಣ್ಣಿನ ಧೂಳನ್ನು ಬ್ರಷ್‌ನಿಂದ ಓಡಿಸಬಹುದು. ಬೂಷ್ಟು ಹಾಗಲ್ಲ, ಒಂದು ಕ್ಯಾಸೆಟ್ಟಿನಿಂದ ಹೆಡ್ಡಿಗೆ, ಹೆಡ್ಡಿನಿಂದ ಮಿಕ್ಕ ಎಲ್ಲಕ್ಕೂ ಹಬ್ಬುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಚೆನ್ನಾಗಿ ಒಣಗಿಸಿ, ಮನೆ ಹೊರಗೆ, ಮಾಸ್ಕ್ ಹಾಕಿಕೊಂಡು ಅಂಚುಗಳನ್ನು ಮೃದು ಬ್ರಷ್‌ನಿಂದ ಒರೆಸಿ, ಸರದಿಯ ಕೊನೆಗೆ ಹಾಕಿದರು. ಪ್ರತಿ ಬದಿ ಮುಗಿದ ಮೇಲೆ ಹೆಡ್ ಮತ್ತು ರೋಲರ್ ಒರೆಸುವುದು ಕಡ್ಡಾಯ. ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆ ಎಂದು ಹೇಳುವವರಿದ್ದಾರೆ. ಚಿಪ್ಪು ಸೊಟ್ಟಗಾಗುತ್ತದೆ, ಅಷ್ಟೇ.

ಹೆಡ್ಡಿನ ಓರೆ

ಮನೆಯಲ್ಲಿ ಕ್ಯಾಸೆಟ್ ಪರಿವರ್ತನೆ ಮಾಡುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ 90 ಡಿಗ್ರಿಯಲ್ಲಿರಬೇಕು. ಇದಕ್ಕೆ ಅಝಿಮತ್ ಎನ್ನುತ್ತಾರೆ. 10,000 ಹರ್ಟ್ಸ್‌ನ ಸದ್ದಿನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಉದ್ದ 4.76 ಮೈಕ್ರಾನ್. ಇಷ್ಟು ಸಣ್ಣ ಅಳತೆಯಲ್ಲಿ ಹೆಡ್ ತುಸು ವಾಲಿದರೂ ಮೇಲಿನ ಸದ್ದೆಲ್ಲ ಅಳಿಸಿಹೋಗುತ್ತದೆ. ಡೆಕ್ಕಿನ ಹೆಡ್ ಸರಿಯಿದ್ದರೆ ಸಾಲದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಹೇಗೆ ವಾಲಿತ್ತೋ ಹಾಗೆಯೇ ಇದೂ ವಾಲಬೇಕು. ಈ ಮೇಳದ ರೆಕಾರ್ಡಿಂಗ್ ಆದದ್ದು ಮೂರು ಬೇರೆ ಬೇರೆ ಯಂತ್ರಗಳಲ್ಲಿ, ಹಾಗಾಗಿ ಮೂರು ಬೇರೆ ಓರೆಗಳು.

ಹೆಡ್ಡಿನ ಪಕ್ಕ ಎರಡು ಸ್ಕ್ರೂ ಇರುತ್ತವೆ. ಕೆಳಗೆ ಸ್ಪ್ರಿಂಗ್ ಇರುವುದೇ ಓರೆಯ ಸ್ಕ್ರೂ. ಟೇಪು ಓಡುತ್ತಿರುವಾಗ ಸಣ್ಣ ಸ್ಕ್ರೂಡ್ರೈವರ್‌ನಿಂದ ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಹೆಡ್‌ಫೋನಿನಲ್ಲಿ ತಾಳದ ಕಿಣಿಕಿಣಿ ಮತ್ತು ಹಾಡುಗಾರರ ‘ಸ’, ‘ಶ’ಗಳನ್ನು ಕೇಳಬೇಕು. ಅವು ಅತಿ ಹೆಚ್ಚು ಹೊಳಪಾದ ಜಾಗವೇ ಸರಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದು ಅಪರೂಪ.

ಕಿವಿಯಿಂದ ಹೊಂದಿಸಿದ ಮೇಲೆ ಕಣ್ಣಿನಿಂದ ನೋಡಿಕೊಳ್ಳಲು ಒಂದು ದಾರಿ ಇದೆ. ಈ ಕ್ಯಾಸೆಟ್‌ಗಳು ಮೋನೋ ಯಂತ್ರದವು. ಮೋನೋ ಪಟ್ಟಿಯ ಅಗಲ 1.5 ಮಿಲಿಮೀಟರ್. ಅದೇ ಜಾಗವನ್ನು ಸ್ಟೀರಿಯೋ ಹೆಡ್ 0.6 ಮಿಲಿಮೀಟರಿನ ಎರಡು ಪಟ್ಟಿಗಳಾಗಿ, ನಡುವೆ 0.3 ಬಿಟ್ಟು ಓದುತ್ತದೆ. ಹಾಗಾಗಿ ಎಡ-ಬಲ ಎರಡರಲ್ಲೂ ಬರುವುದು ಒಂದೇ ಸದ್ದು. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದೊಂದು ಸ್ಯಾಂಪಲ್ (ಸದ್ದಿನ ಅಳತೆಯ ಒಂದು ಚುಕ್ಕೆ) ಕಾಣುವಷ್ಟು ಹಿಗ್ಗಿಸಿ, ತಾಳದ ಒಂದೇ ಪೆಟ್ಟು ಎರಡು ಚಾನೆಲ್‌ಗಳಲ್ಲಿ ಒಂದೇ ಗಳಿಗೆಗೆ ಬಂದಿದೆಯೋ ನೋಡಬೇಕು. ಮೊದಲ ಕ್ಯಾಸೆಟ್ಟಿನಲ್ಲಿ ಎಡ-ಬಲಗಳ ನಡುವೆ 5 ಸ್ಯಾಂಪಲ್ ಹಿಂದುಮುಂದು ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಇದು ಸುಮಾರು 104 ಮೈಕ್ರೋಸೆಕೆಂಡ್. ಎರಡನ್ನೂ ಕೂಡಿಸಿ ಮೋನೋ ಮಾಡಿದರೆ 4800 ಹರ್ಟ್ಸ್ ಸುತ್ತಲಿನ ಸದ್ದು ಒಂದನ್ನೊಂದು ಹೊಡೆದುಕೊಂಡು ಮಾಯವಾಗುತ್ತದೆ. ಮನೆಯವರ ಹಳೆಯ ಫೈಲುಗಳಲ್ಲಿ ಅಕ್ಷರ ಸ್ಪಷ್ಟವಿಲ್ಲದ್ದಕ್ಕೆ ಇದೇ ಕಾರಣ. ಸ್ಕ್ರೂ ತಿರುಗಿಸಿ ಅಂತರವನ್ನು ಸೊನ್ನೆಗೆ ತಂದ ಮೇಲೆ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಿತು. ಕಿವಿಯ ಕೆಲಸ ಮಾಡದೆ ನೇರ ಅಲೆ ನೋಡಿ ಹೊಂದಿಸಹೋದರೆ ಇಡೀ ಒಂದು ಅಲೆಯಷ್ಟು ಜಾರಿದ ಸುಳ್ಳು ಹೊಂದಾಣಿಕೆ ಸಿಗುವ ಅಪಾಯ ಇದೆ, ಆದ್ದರಿಂದ ಈ ಕ್ರಮ ತಪ್ಪಿಸಬಾರದು.

ಓರೆ ಸರಿಯಾದ ಮೇಲೆ ಎಡ-ಬಲ ಕೂಡಿಸಿದರೆ ಇನ್ನೊಂದು ಲಾಭ: ಹಾಡು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಏರುತ್ತದೆ, ಟೇಪಿನ ಹಿನ್ನೆಲೆಯ ಹಿಸ್ ಸದ್ದು 3 ಡಿಬಿ ಮಾತ್ರ. ಯಾವ ಫಿಲ್ಟರೂ ಇಲ್ಲದೆ 3 ಡಿಬಿ ಸ್ವಚ್ಛತೆ ಪುಕ್ಕಟೆ.

ಲ್ಯಾಪ್‌ಟಾಪಿನ ಕಡೆ

ಲ್ಯಾಪ್‌ಟಾಪಿನ ಒಂದೇ ಸಾಕೆಟ್ಟಿಗೆ ಡೆಕ್ ಸಿಕ್ಕಿಸುವುದು ಸಲ್ಲದು. ಅದು ಮೈಕಿನ ಒಳದಾರಿ, ಲೈನ್-ಔಟ್‌ನ ಜೋರಿಗೆ ಸದ್ದು ಒಡೆದು ಕೇಳುತ್ತದೆ. ಎರಡು ಆರ್‌ಸಿಎ ಇನ್‌ಪುಟ್ ಇರುವ ಚಿಕ್ಕ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು. ಇಲ್ಲಿ ಬಳಸಿದ್ದು 24 ಬಿಟ್, 48 ಕಿಲೋಹರ್ಟ್ಸ್‌ನದು. 16 ಬಿಟ್‌ನದೇ ಇದ್ದರೂ ಕೊರಗಬೇಕಿಲ್ಲ. ಮನೆ ಕ್ಯಾಸೆಟ್ಟಿನ ಸದ್ದು-ಗದ್ದಲದ ಅಂತರ 50 ಡಿಬಿ ಆಸುಪಾಸು, 16 ಬಿಟ್‌ನಲ್ಲಿ 96 ಡಿಬಿ ಜಾಗವಿದೆ. ವಿಂಡೋಸ್‌ನ ಸೌಂಡ್ ಸೆಟಿಂಗ್‌ನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ ಎಂದಿರುವುದನ್ನೆಲ್ಲ ಬಂದ್ ಮಾಡಿ, ಇನ್‌ಪುಟ್ ಎರಡು ಚಾನೆಲ್ ಆಗಿದೆಯೋ ನೋಡಿಕೊಳ್ಳಬೇಕು. ಅತಿ ಜೋರು ಪದದಲ್ಲಿ ಮೀಟರ್ ಮೈನಸ್ 6 ಡಿಬಿ ದಾಟದಂತೆ ಇಡುವುದು. ಹಿಸ್ ಇಳಿಸಲೆಂದಿರುವ ಡೆಕ್ಕಿನ ಡಾಲ್ಬಿ ಗುಂಡಿ ಬಂದ್. ಮನೆಯ ರೆಕಾರ್ಡರ್‌ನಲ್ಲಿ ಡಾಲ್ಬಿ ಇರಲೇ ಇಲ್ಲ, ಚಾಲೂ ಇಟ್ಟರೆ ಸುಮ್ಮನೆ ಮೇಲಿನ ಸದ್ದು ಮಂಕಾಗುತ್ತದೆ.

ಮೊದಲ ದಿನ ಗುಂಯ್ ಎನ್ನುವ 50 ಹರ್ಟ್ಸ್ ಹಮ್ಮು ಬಂತು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿದ ಕೂಡಲೇ ಹೋಯಿತು.

ಕರೆಂಟಿನ ಬಗ್ಗೆ ಒಂದು ಎಚ್ಚರ. ನಡುವೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಮೌನವನ್ನು ರೆಕಾರ್ಡ್ ಮಾಡುತ್ತಲೇ ಇರುತ್ತದೆ, ಡೆಕ್ಕಿನ ಪಿಂಚ್ ರೋಲರ್ ಮಾತ್ರ ಕ್ಯಾಪ್‌ಸ್ಟನ್‌ಗೆ ಒತ್ತಿಕೊಂಡೇ ನಿಲ್ಲುತ್ತದೆ. ಹಾಗೇ ಬಿಟ್ಟರೆ ರಬ್ಬರಿನಲ್ಲಿ ಕುಳಿ ಬೀಳುತ್ತದೆ, ಕರೆಂಟ್ ಬಂದಾಗ ಟೇಪು ಸುತ್ತಿಕೊಳ್ಳಲೂಬಹುದು. ಕರೆಂಟ್ ಹೋದ ಕ್ಷಣವೇ ಸ್ಟಾಪ್ ಒತ್ತಬೇಕು. ಬಂದ ಮೇಲೆ ಒಂದು ನಿಮಿಷ ಹಿಂದಿನಿಂದ ಶುರು ಮಾಡಿ ಎರಡು ತುಂಡನ್ನು ಆಮೇಲೆ ಕೂಡಿಸಿದರಾಯಿತು. ಡೆಕ್ಕಿನ ಹತ್ತಿರ ಯಾರಾದರೂ ಕೂತಿರಲೇಬೇಕು ಎನ್ನುವುದು ಇದಕ್ಕೇ.

ಗಟ್ಟಿಯಿರುವ ಟೇಪುಗಳನ್ನು ಹಾಕುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿದರು. ವರ್ಷಗಟ್ಟಲೆ ಬಿಗಿದು ಕೂತ ಸುತ್ತುಗಳು ಸಡಿಲವಾಗುತ್ತವೆ, ಪಕ್ಕದ ಸುತ್ತಿನಿಂದ ಮೂಡಿದ ಸಣ್ಣ ಪ್ರತಿಧ್ವನಿಯೂ ತುಸು ಇಳಿಯುತ್ತದೆ. ಒಂದು ಬದಿಗೆ ಒಂದೇ ಫೈಲು, ನಿಲ್ಲಿಸದೆ.

ಶ್ರಾವಣದ ಕ್ಯಾಸೆಟ್

ಅಷ್ಟೆಲ್ಲ ಆದ ಮೇಲೆ 11ನೇ ಸಂಖ್ಯೆಯ ಕ್ಯಾಸೆಟ್ ಬಂತು. ಶ್ರಾವಣ ಮಾಸದ ಗುಡಿಯ ಭಜನೆ, ಮನೆಯವರಿಗೆ ಎಲ್ಲಕ್ಕಿಂತ ಬೇಕಾದದ್ದು. ಎ ಬದಿಯ ಮೊದಲ ಪದ ಚೆನ್ನಾಗಿತ್ತು. ಬದಿ ಮುಗಿಯುವ ಹೊತ್ತಿಗೆ ಮಗ ಹೆಡ್‌ಫೋನ್ ತೆಗೆದು ಹೇಳಿದ್ದು: “ಇದು ಅಪ್ಪಾರ ಧ್ವನಿ ಅಲ್ಲರೀ, ಯಾವದೋ ಹುಡುಗ ಹಾಡಿದಂಗ ಕೇಳಸ್ತೈತಿ.” ತಾಳವೂ ಓಡುತ್ತಿತ್ತು.

ಮೊದಲ ಅನುಮಾನ ಡೆಕ್ಕಿನ ಮೇಲೆ ಹೋಗುವುದು ಸಹಜ. ಅಂಗಡಿ ಕ್ಯಾಸೆಟ್ ಹಾಕಿ ಆರಂಭ-ಕೊನೆ ಎರಡೂ ಕಡೆ ಅಳೆದಾಗ ವೇಗ ಒಂದೇ ಬಂತು, ಡೆಕ್ ನಿರಪರಾಧಿ. ಒಳಕಾರ್ಡಿನ ಮೂಲೆಯಲ್ಲಿ ‘ಶೆಲ್ ಮ್ಯಾಲೆ’, ಅಂದರೆ ಬ್ಯಾಟರಿ ಸೆಲ್ ಮೇಲೆ, ಎಂದು ಬರೆದಿತ್ತು, ಅಲ್ಲಿಗೆ ಗಂಟು ಬಿಚ್ಚಿತು. ಗುಡಿಯಲ್ಲಿ ಕರೆಂಟ್ ಇರಲಿಲ್ಲ. ನಾಲ್ಕು ಶೆಲ್, ಒಟ್ಟು 6 ವೋಲ್ಟಿನ ರೆಕಾರ್ಡರ್. ಮೋಟಾರಿನ ಗವರ್ನರ್ ಶೆಲ್ ಇಳಿದರೂ ಒಂದು ಮಟ್ಟದವರೆಗೆ ವೇಗ ಹಿಡಿದಿಡುತ್ತದೆ, ಆ ಮಟ್ಟ ದಾಟಿದ ಮೇಲೆ ವೇಗ ಜಾರತೊಡಗುತ್ತದೆ. ನಿಧಾನ ಓಡಿದ ಟೇಪಿನಲ್ಲಿ ಒಂದು ಸೆಕೆಂಡಿನ ಹಾಡು ಕಡಿಮೆ ಉದ್ದದಲ್ಲಿ ಮುದುಡಿ ಕೂತಿರುತ್ತದೆ. ಇವತ್ತು ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದರೆ ಅದು ಬೇಗ ಮುಗಿಯುತ್ತದೆ, ಸ್ವರ ಏರುತ್ತದೆ. ಶೆಲ್ಲು ಇಳಿದಷ್ಟೂ ಧ್ವನಿ ಏರುತ್ತ ಹೋಗುವ ವಿಚಿತ್ರಕ್ಕೆ ಇಷ್ಟೇ ಕಾರಣ.

ಎಷ್ಟು ಏರಿದೆ ಎಂದು ಹೇಳಲು ಒಂದು ಆಧಾರ ಬೇಕು. ಕರೆಂಟಿನ ಮೇಲೆ ರೆಕಾರ್ಡ್ ಮಾಡಿದ ಟೇಪಿನಲ್ಲಿ ಹಮ್ಮು ಅಡಗಿದ್ದರೆ ಅದು 50 ಹರ್ಟ್ಸ್ ಎಂದು ಹಿಡಿಯುವುದು ಪುಸ್ತಕದ ದಾರಿ. ನಮ್ಮಲ್ಲಿ ಅದೂ ಪೂರ್ತಿ ನಂಬುವಂತಿಲ್ಲ. 80-90ರ ದಶಕದಲ್ಲಿ ದಕ್ಷಿಣದ ಗ್ರಿಡ್ 49ರ ಕೆಳಗೂ ಇಳಿಯುತ್ತಿತ್ತು, ಅದೇ ಶೇಕಡಾ 2ರ ತಪ್ಪು. ಇಲ್ಲಂತೂ ಕರೆಂಟೇ ಇಲ್ಲ, ಹಮ್ಮೂ ಇಲ್ಲ. ಇದ್ದದ್ದು ಹಾರ್ಮೋನಿಯಂ. ಅದೇ ಪೆಟ್ಟಿಗೆ, ಅದೇ ಮನೆಯಲ್ಲಿ, ಇನ್ನೂ ನುಡಿಯುವ ಸ್ಥಿತಿಯಲ್ಲಿ. ಹಿರಿಯರು ಹಾಡುತ್ತಿದ್ದದ್ದು ಕಾಳಿ ಒಂದರ (ಮೊದಲ ಕಪ್ಪು ಕೀಯ) ಮೇಲೆ ಎಂದು ಮೇಳದವರೆಲ್ಲ ಬಲ್ಲರು. ಆ ಕೀ ಒತ್ತಿ, ಗಾಳಿಯ ಭಾತೆಯನ್ನು ಹದವಾಗಿ ಆಡಿಸಿ, ಐದು ಸೆಕೆಂಡ್ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಾಯಿತು. ಮೊಬೈಲ್ ಸದ್ದಿನ ಏರಿಳಿತವನ್ನು ಕೆಡಿಸಿದರೂ ಸ್ವರದ ಅಳತೆಯನ್ನು ಕೆಡಿಸುವುದಿಲ್ಲ. ಬಂದ ಅಂಕಿ 278 ಹರ್ಟ್ಸ್. ಪುಸ್ತಕದ ಲೆಕ್ಕದ ಕಾಳಿ ಒಂದು 277.2, ಹಳೆ ರೀಡಿಗೆ (ಸ್ವರ ಹೊರಡಿಸುವ ಲೋಹದ ನಾಲಿಗೆಗೆ) ಇಷ್ಟು ವ್ಯತ್ಯಾಸ ಏನೇನೂ ಅಲ್ಲ. ಬೇಕಾದದ್ದೂ ಪುಸ್ತಕದ ಅಂಕಿ ಅಲ್ಲ, ಈ ಪೆಟ್ಟಿಗೆಯ ಅಂಕಿ.

ಆಮೇಲೆ ಕ್ಯಾಸೆಟ್ಟಿನ ಫೈಲಿನಲ್ಲಿ ಹಾರ್ಮೋನಿಯಂನ ಷಡ್ಜ (‘ಸ’ ಸ್ವರ) ನಿಂತಿರುವ ಜಾಗಗಳನ್ನು ಹುಡುಕಿ, ಎರಡು-ಮೂರು ಸೆಕೆಂಡ್ ಆಯ್ದು, ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಗಾತ್ರ 65536 ಇಟ್ಟು ಅಳೆದರು. ಅಷ್ಟು ದೊಡ್ಡ ಗಾತ್ರ ಇಟ್ಟರೆ ಒಂದು ಹರ್ಟ್ಸ್‌ಗಿಂತ ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಹಾರ್ಮೋನಿಯಂನಲ್ಲಿ ಎರಡು ಸಾಲು ರೀಡ್ ಇರುವುದರಿಂದ 139, 278, 556ರ ಹತ್ತಿರ ಬೇರೆ ಬೇರೆ ಶಿಖರ ಏಳುತ್ತವೆ. ಒಂದನ್ನು ಹಿಡಿದು ಕೊನೆತನಕ ಅದನ್ನೇ ಹಿಂಬಾಲಿಸಬೇಕು. ಬದಿಯ ಆರಂಭದಲ್ಲಿ 279, 8ನೇ ನಿಮಿಷಕ್ಕೆ 281, 16ಕ್ಕೆ 286, 24ಕ್ಕೆ 297, 29ಕ್ಕೆ 312. ಮೊದಲ ಅರ್ಧದಲ್ಲಿ ಏರಿದ್ದು 7 ಹರ್ಟ್ಸ್ ಮಾತ್ರ, ಕೊನೆಯ ಐದು ನಿಮಿಷದಲ್ಲೇ 15. ಗವರ್ನರ್ ಕೈಬಿಟ್ಟ ಗುರುತು ಇದು.

312 ಎಂದರೆ ಹೆಚ್ಚುಕಡಿಮೆ ಕಾಳಿ ಎರಡು. ಹಾಗಾದರೆ ಹಾಡುವವರೇ ಪಟ್ಟಿ (ಶ್ರುತಿ) ಬದಲಿಸಿರಬಹುದಲ್ಲ ಎಂದು ಮೇಳದ ಹಳೆಯ ತಬಲಾದವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಪಟ್ಟಿ ಬದಲಿಸಿದರೆ ಒಂದು ಪದ ಮುಗಿದು ಇನ್ನೊಂದು ಶುರುವಾಗುವಾಗ ಸ್ವರ ಒಮ್ಮೆಲೇ ಹಾರಬೇಕು. ಇಲ್ಲಿ ಒಂದೇ ಪದದ ಒಳಗೆ, ನಿಂತ ಷಡ್ಜವೇ ಮೇಲಕ್ಕೆ ಜಾರುತ್ತಿತ್ತು. ಹಾರ್ಮೋನಿಯಂನ ರೀಡು ಹಾಗೆ ಜಾರಲಾರದು. ಬಿ ಬದಿಯಲ್ಲಿ ಇನ್ನೊಂದು ಸೂಕ್ಷ್ಮ ಸಿಕ್ಕಿತು: ಎರಡು ಪದಗಳ ನಡುವೆ ರೆಕಾರ್ಡರ್ ಬಂದ್ ಮಾಡಿದ ‘ಟಕ್’ ಸದ್ದು ಇರುವಲ್ಲೆಲ್ಲ ಮುಂದಿನ ಪದ ತುಸು ಕೆಳಗಿನ ಸ್ವರದಿಂದ ಶುರುವಾಗಿ ಮತ್ತೆ ಏರುತ್ತದೆ. ವಿಶ್ರಾಂತಿ ಸಿಕ್ಕ ಶೆಲ್ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಬಿ ಬದಿಯನ್ನು ಆ ‘ಟಕ್’ಗಳಲ್ಲಿ ತುಂಡರಿಸಿ, ಒಂದೊಂದು ತುಂಡಿಗೂ ಬೇರೆ ಲೆಕ್ಕ ಹಾಕಬೇಕಾಯಿತು.

ತಿದ್ದುವ ಲೆಕ್ಕ ಸರಳ: ಇರಬೇಕಾದ್ದನ್ನು ಇರುವುದರಿಂದ ಭಾಗಿಸುವುದು. 278ನ್ನು 279ರಿಂದ ಭಾಗಿಸಿದರೆ ಶೇಕಡಾ 99.6. ಮುಂದಿನವು 98.9, 97.2, 93.6, ಕೊನೆಗೆ 89.1. ಆಡಾಸಿಟಿಯ 3ನೇ ಸರಣಿಯಲ್ಲಿ ಟೈಮ್ ಟ್ರ್ಯಾಕ್ ಎಂಬುದಿದೆ. ಅದನ್ನು ಸೇರಿಸಿ, ವ್ಯಾಪ್ತಿಯ ಕೆಳಮಿತಿಯನ್ನು 85ಕ್ಕೆ ಇಳಿಸಿ, ಆಯಾ ನಿಮಿಷದ ಮೇಲೆ ಒಂದೊಂದು ಬಿಂದು ಇಟ್ಟು ಈ ಶೇಕಡಾವಾರು ಕೊಟ್ಟರೆ, ಎರಡು ಬಿಂದುಗಳ ನಡುವೆ ವೇಗ ತಾನೇ ನಯವಾಗಿ ಬದಲಾಗುತ್ತದೆ. ಆಮೇಲೆ ಮಿಕ್ಸ್ ಆ್ಯಂಡ್ ರೆಂಡರ್. ಸ್ವರ ಮಾತ್ರ ಇಳಿಸಿ ಕಾಲ ಹಾಗೇ ಉಳಿಸುವ ಪಿಚ್ ಎಫೆಕ್ಟ್‌ಗಳನ್ನು ಇಲ್ಲಿ ಬಳಸಬಾರದು. ತಪ್ಪಾದದ್ದು ವೇಗ; ಸ್ವರ, ಕಾಲ ಎರಡೂ ಒಟ್ಟಿಗೆ ಕೆಟ್ಟಿವೆ, ಒಟ್ಟಿಗೇ ಸರಿಯಾಗಬೇಕು. 29 ನಿಮಿಷ ಇದ್ದ ಬದಿ ತಿದ್ದಿದ ಮೇಲೆ 30 ನಿಮಿಷ 5 ಸೆಕೆಂಡ್ ಆಯಿತು. ಬಿಂದುಗಳ ನಡುವಿನ ಜಾಗಗಳಲ್ಲಿ ಮತ್ತೆ ಅಳೆದಾಗ 26ನೇ ನಿಮಿಷದ ಸುತ್ತ 3 ಹರ್ಟ್ಸ್ ಉಳಿದಿತ್ತು. ಮೂಲ ಫೈಲಿನಲ್ಲಿ ಅಲ್ಲಿ ಇನ್ನೊಂದು ಬಿಂದು ಸೇರಿಸಿ ಹೊಸದಾಗಿ ರೆಂಡರ್ ಮಾಡಿದರು. ಈಗ ಕೊನೆಯ ಪದದಲ್ಲಿ ಮಗನಿಗೆ ಅಪ್ಪನ ಗುರುತು ಸಿಕ್ಕಿತು, ತಬಲಾದವರು ಮಾತ್ರ ತಮ್ಮ ಲಯ ಆಗ ಇನ್ನೂ ಚುರುಕಿತ್ತು ಎಂದೇ ವಾದಿಸಿದರು.

ಸದ್ದು ತೆಗೆಯುವ ಆಸೆ

ಹಿಸ್ ಸದ್ದನ್ನು ಪೂರ್ತಿ ತೆಗೆಯಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ನಾಯ್ಸ್ ರಿಡಕ್ಷನ್‌ನಲ್ಲಿ 20 ಡಿಬಿ ಕೊಟ್ಟು ನೋಡಿದಾಗ ಹಿಸ್ ಹೋಯಿತು, ಜೊತೆಗೆ ತಾಳದ ನಾದದ ಬಾಲವೂ ತುಂಡಾಯಿತು, ಹಾಡು ನೀರೊಳಗಿಂದ ಬಂದಂತಾಯಿತು. 6 ಡಿಬಿ ಸಾಕು, ಅದೂ ಕೇಳುವ ಪ್ರತಿಗೆ ಮಾತ್ರ. ಪದ ಶುರುವಾಗುವ ಮೊದಲಿನ ಖಾಲಿ ಟೇಪಿನ ಒಂದೆರಡು ಸೆಕೆಂಡನ್ನು ಮಾದರಿಯಾಗಿ ಕೊಡಬೇಕು, ಜನ ಮಾತಾಡುತ್ತಿರುವ ಜಾಗವನ್ನಲ್ಲ. ಮೈಕಿಗೆ ಬಡಿದ ಗಾಳಿಯ ಗುಡುಗುಡು ತೆಗೆಯಲು 80 ಹರ್ಟ್ಸ್‌ನ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನ ಸದ್ದು ತಡೆಯುವ ಫಿಲ್ಟರ್. ಹಾಡು ನಿಂತಾಗ ಹಿನ್ನೆಲೆ ಸದ್ದು ಊದಿಕೊಳ್ಳುವುದು ರೆಕಾರ್ಡರಿನ ಸ್ವಯಂಚಾಲಿತ ಲೆವೆಲ್‌ನ ಕೆಲಸ. ಅದನ್ನು ಬಿಡಿಸಲಾಗದು, ಹಾಗೇ ಬಿಟ್ಟರು.

ತಿದ್ದದ ಮೂಲ ಫೈಲು 24 ಬಿಟ್ ವೇವ್, ಗಂಟೆಗೆ ಸುಮಾರು 1 ಜಿಬಿ. 26 ಕ್ಯಾಸೆಟ್ಟಿಗೆ 27 ಜಿಬಿ ಆಸುಪಾಸು, ಸದ್ದು ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ, ಅದು ಬೆಳಗಾವಿಯ ಮಗಳ ಮನೆಯಲ್ಲಿ. ಹಂಚಲು ಪದಗಳನ್ನು ಬಿಡಿಸುವಾಗ ಪ್ರತಿ ಪದದ ಆರಂಭಕ್ಕೆ ಕಂಟ್ರೋಲ್-ಬಿ ಒತ್ತಿ ಹೆಸರು ಕೊಟ್ಟರೆ, ಎಕ್ಸ್‌ಪೋರ್ಟ್ ಮಾಡುವಾಗ ಹೆಸರಿನ ಸಮೇತ ಬೇರೆ ಬೇರೆ ಫೈಲು ಆಗುತ್ತವೆ. ಮೋನೋ 128 ಕೆಬಿಪಿಎಸ್ ಎಂಪಿ3ಯಲ್ಲಿ ಐದು ನಿಮಿಷದ ಪದ 5 ಎಂಬಿಗೂ ಕಡಿಮೆ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತಾರೆ. ಯೂಟ್ಯೂಬ್‌ಗೆ ಹಾಕುವ ಮಾತು ಬಂದಾಗ ತಡೆದದ್ದು ಸರಿ: ಮೇಳದಲ್ಲಿ ಹಾಡಿದ, ಬಾರಿಸಿದ ಮಿಕ್ಕವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ, ಅವರನ್ನೋ ಅವರ ಮನೆಯವರನ್ನೋ ಕೇಳದೆ ಹಾಕುವಂತಿಲ್ಲ. ಅಂಗಡಿ ಕ್ಯಾಸೆಟ್ಟಿನ ಹಾಡಂತೂ ಮನೆಯೊಳಗೇ.

ಮುಗಿದ ಕ್ಯಾಸೆಟ್‌ಗಳನ್ನು ಒಂದು ತುದಿಗೆ ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಅಟ್ಟಕ್ಕಲ್ಲ, ಕೆಳಗಿನ ಕೋಣೆಯ ಕಪಾಟಿನಲ್ಲಿ ಸ್ಪೀಕರ್‌ಗಳಿಂದ ದೂರ ಇಟ್ಟಿದ್ದಾರೆ. ಅಂಗಡಿ ಕ್ಯಾಸೆಟ್ ಹಾಕಿ ಡೆಕ್ಕಿನ ಅಝಿಮತ್ ಮೊದಲಿನ ಜಾಗಕ್ಕೆ ಬಂತು. ಬಾಕಿ ಉಳಿದದ್ದು ಒಂದೇ: ಪಾರಿಜಾತದ ಎರಡನೇ ಭಾಗ, ಸಿ-120, ಅಂದರೆ 120 ನಿಮಿಷದ್ದು. ಈ ಟೇಪಿನ ದಪ್ಪ 9 ಮೈಕ್ರಾನ್ ಆಸುಪಾಸು, ಸಿ-60ರ ಅರ್ಧ. ಮೊದಲ ನಿಮಿಷದಲ್ಲೇ ಅದು ಕ್ಯಾಪ್‌ಸ್ಟನ್‌ಗೆ ಸುತ್ತಿಕೊಳ್ಳಲು ನೋಡಿತು. ಟೇಪನ್ನು ಸುತ್ತಿಕೊಳ್ಳುವ ಟೇಕಪ್ ಎಳೆತ ಸಮನಾಗಿರುವ ಡೆಕ್ ಸಿಗುವವರೆಗೆ, ಇಲ್ಲವೇ ಈ ಡೆಕ್ಕಿನಲ್ಲಿ ಸುರುಳಿ ತಿರುಗಿಸುವ ರಬ್ಬರಿನ ಐಡ್ಲರ್ ಟೈರು ಬದಲಾಗುವವರೆಗೆ ಅದನ್ನು ಮತ್ತೆ ಹಾಕಬಾರದೆಂದು ಚಿಪ್ಪಿನ ಮೇಲೆ ಕೆಂಪು ಪಟ್ಟಿ ಹಚ್ಚಿದ್ದಾರೆ.